ಜೋಳದ ಲೆಕ್ಕ ತಪ್ಪಿದ್ದೆಲ್ಲಿ?

ಕೃಷ್ಣೆಯ ಎರಡೂ ದಂಡೆಗೆ ಹರಡಿದ ನಾರಾಯಣಪೇಟ, ಮಖ್ತಲ್, ಗದ್ವಾಲ ಸೀಮೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ. ಕೂಲಿಯವರ ಮನೆಯಲ್ಲಿ ಹಿಂದೆ ಎರಡು ಹೊತ್ತೂ ಅದೇ. ಕಳೆದ ಶತಮಾನದ ನಡುವೆ ದಖ್ಖನಿನ ಇಂಥ ಜೋಳದ ನಾಡಿನ ಬಡವರು ಹೈದರಾಬಾದಿನ ಆಸ್ಪತ್ರೆಗಳಿಗೆ ಒಂದು ವಿಚಿತ್ರ ಬೇನೆ ಹೊತ್ತು ಬರುತ್ತಿದ್ದರು. ಬಿಸಿಲು ತಾಕುವ ಕತ್ತು, ಮುಂಗೈ, ಪಾದಗಳಲ್ಲಿ ಚರ್ಮ ಕಪ್ಪಿಟ್ಟು ಸುಲಿಯುತ್ತಿತ್ತು. ಬಾಯಿ ಹುಣ್ಣು, ನಿಲ್ಲದ ಭೇದಿ. ಕೆಲವರಿಗೆ ಬುದ್ಧಿಯೇ ಕದಡುತ್ತಿತ್ತು.

ರೋಗ ಪೆಲಾಗ್ರ. ಮೆಕ್ಕೆಜೋಳವನ್ನೇ ನಂಬಿದ ಯುರೋಪು, ಅಮೆರಿಕದ ಬಡವರನ್ನು ಅದು ಆಗಲೇ ಕಾಡಿತ್ತು. ಅದು ಅಂಟುರೋಗವಲ್ಲವೆಂದು ತೋರಿಸಲು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1916ರಲ್ಲಿ ರೋಗಿಗಳ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್, ನಾಯಿಗಳಲ್ಲಿ ಪೆಲಾಗ್ರದ ಸಾಟಿಯಾದ ಕಪ್ಪುನಾಲಿಗೆ ರೋಗವನ್ನು ಜೀವಸತ್ವ ನಿಯಾಸಿನ್‌ನಿಂದ ಗುಣಪಡಿಸಿದ. ಕೊರತೆ ಯಾವುದರದೆಂಬ ಪ್ರಶ್ನೆ ಅಲ್ಲಿಗೆ ಮುಗಿದಂತಿತ್ತು.

ಜೋಳ ಅದನ್ನು ಮತ್ತೆ ತೆರೆಯಿತು. 1950ರ ದಶಕದ ಕೊನೆಗೆ ಕೂನೂರಿನಿಂದ ಹೈದರಾಬಾದಿಗೆ ಬಂದ ಪೋಷಣಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್, ಎಸ್.ಜಿ. ಶ್ರೀಕಂಠಯ್ಯ ದಿನದ ಊಟದ ಲೆಕ್ಕ ಹಿಡಿದು ಕೂತರು. ಸಂಸ್ಥೆಯ ಆಹಾರ ಕೋಷ್ಟಕದ ಪ್ರಕಾರ ಅರ್ಧ ಕಿಲೊ ಜೋಳದಲ್ಲಿ ಸುಮಾರು 1,745 ಕ್ಯಾಲೊರಿ, 52 ಗ್ರಾಂ ಪ್ರೋಟೀನ್, 15.5 ಮಿಲಿಗ್ರಾಂ ನಿಯಾಸಿನ್. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 1,725 ಕ್ಯಾಲೊರಿ, 34 ಗ್ರಾಂ ಪ್ರೋಟೀನ್, 9.5 ಮಿಲಿಗ್ರಾಂ ನಿಯಾಸಿನ್. ಯಾವ ಸಾಲಿನಲ್ಲೂ ಜೋಳವೇ ಮುಂದು. ಆದರೂ ಕಾಯಿಲೆ ಬೀಳುತ್ತಿದ್ದವರು ಜೋಳ ತಿನ್ನುವವರು, ಅಕ್ಕಿ ಉಣ್ಣುವವರಲ್ಲ!

ಮೆಕ್ಕೆಜೋಳದಲ್ಲಿರುವ ನಿಯಾಸಿನ್ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಜೋಳದ್ದೂ ಹಾಗೆಯೇ ಇರಬಹುದೆಂಬ ಗುಮಾನಿ ಸಹಜವಾಗಿತ್ತು. ಪರೀಕ್ಷಿಸಿದರೆ, ದಕ್ಕುತ್ತಿತ್ತು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ದೇಹ ತಾನೇ ನಿಯಾಸಿನ್ ತಯಾರಿಸಿಕೊಳ್ಳುತ್ತದೆ, ಅದು ಕಡಿಮೆಯೇ? ಮೆಕ್ಕೆಜೋಳದಲ್ಲಿ ಹೌದು, ಜೋಳದಲ್ಲಿ ಅಂಥ ಬಡತನವಿಲ್ಲ. ಇದ್ದ ದಾರಿಗಳೆಲ್ಲ ಮುಚ್ಚಿದವು.

ಆಗ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಇದೇ ಈ ಕತೆಯ ದಿಟ್ಟ ಗಳಿಗೆ. ಕಡಿಮೆ ಇರುವುದನ್ನು ಬಿಟ್ಟು, ಜೋಳ, ಮೆಕ್ಕೆಜೋಳ ಎರಡರಲ್ಲೂ ಮಿತಿಮೀರಿ ಇರುವುದೇನೆಂದು ಹುಡುಕಿದರು. ಸಿಕ್ಕಿದ್ದು ಲ್ಯೂಸಿನ್, ಇನ್ನೊಂದು ಅಮೈನೊ ಆಮ್ಲ. ಅದನ್ನು ಕೊಟ್ಟು ನೋಡಿದಾಗ ಮೂತ್ರದಲ್ಲಿ ನಿಯಾಸಿನ್‌ನ ಲೆಕ್ಕವೇ ಬದಲಾಯಿತು. 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅವರ ಬರಹವನ್ನು ಪ್ರಕಟಿಸಿತು. ಮುಂದೆ ಭವಾನಿ ಬೆಳವಾಡಿ ಮತ್ತು ಗೋಪಾಲನ್ ನಾಯಿಗಳನ್ನು ಜೋಳದ ಆಹಾರದಲ್ಲಿ ಸಾಕಿದರು. 1965ರ ಹೊತ್ತಿಗೆ ಆ ನಾಯಿಗಳ ನಾಲಿಗೆಯೂ ಕಪ್ಪಾದದ್ದು ವರದಿಯಾಯಿತು.

ವಿವರಣೆ ಇಷ್ಟು: ಲ್ಯೂಸಿನ್ ಹೆಚ್ಚಾದರೆ ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗುವ ದಾರಿಗೆ ಅಡ್ಡಿಯಾಗುತ್ತದೆ. ಹೊರದೇಶದ ಕೆಲವು ಪ್ರಯೋಗಾಲಯಗಳಿಗೆ ಇದೇ ಫಲ ಸಿಗದೆ ವಾದ ದಶಕಗಳ ಕಾಲ ನಡೆಯಿತು. ಬಿ6 ಜೀವಸತ್ವದ ಪಾತ್ರವೂ ಚರ್ಚೆಗೆ ಬಂತು. ಆದರೆ ಬರೀ ಕ್ಯಾಲೊರಿಯ ಮೊತ್ತ ನೋಡಿ ಊಟ ಪೂರ್ತಿಯಾಯಿತೆನ್ನಲಾಗದು ಎಂಬುದರಲ್ಲಿ ತಕರಾರು ಉಳಿಯಲಿಲ್ಲ.

ಇದರಲ್ಲಿ ಜೋಳಕ್ಕೆ ಹೆದರುವಂಥದ್ದೇನಿಲ್ಲ. ಕಾಯಿಲೆ ಬಿದ್ದದ್ದು ಜೋಳದ ಹೊರತು ಹೆಚ್ಚೇನೂ ಸಿಗದ ಬಡವರು. ಇದೇ ಸೀಮೆಯಲ್ಲಿ ರೊಟ್ಟಿಯ ಜೊತೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಶೇಂಗಾದಲ್ಲಿ, 100 ಗ್ರಾಂಗೆ ಸುಮಾರು 20 ಮಿಲಿಗ್ರಾಂ ನಿಯಾಸಿನ್ ಇದೆ. ಜೋಳದಲ್ಲಿ ಇರುವುದು 3.1.