ವ್ಯಾಸಂಗದ ಹಲವು ಹಾದಿಗಳು

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ದಿನ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ: “ಮುಂದೇನು ಓದುತ್ತೀ?” ಉತ್ತರವೂ ಸಿದ್ಧವಾಗಿರುತ್ತದೆ. ಬಿ.ಎ., ಬಿ.ಕಾಂ., ಬಿ.ಇ., ಎಂ.ಬಿ.ಬಿ.ಎಸ್. ಹೀಗೆ ನಾಲ್ಕಾರು ಅಕ್ಷರಗಳಲ್ಲಿ ಮಾತು ಮುಗಿಯುತ್ತದೆ. ಆದರೆ ಆ ಅಕ್ಷರಗಳ ಹಿಂದೆ ಮೂರು, ನಾಲ್ಕು ಅಥವಾ ಐದು ವರ್ಷಗಳ ಬದುಕು ಅಡಗಿದೆ. ಆ ವರ್ಷಗಳಲ್ಲಿ ವಿದ್ಯಾರ್ಥಿಯು ದಿನವಿಡೀ ಏನು ಮಾಡಬೇಕು? ಕಣ್ಣಿಗೆ ಹೆಚ್ಚು ಕೆಲಸವೋ, ಕೈಗೆ ಹೆಚ್ಚು ಕೆಲಸವೋ, ಕಾಲಿಗೋ, ನಾಲಗೆಗೋ? ಇದನ್ನು ಕೇಳುವವರು ವಿರಳ. ಹೇಳುವವರು ಇನ್ನೂ ವಿರಳ.

ಶಿಕ್ಷಕನಾಗಿದ್ದ ಕಾಲದಲ್ಲಿ ನಾನೂ ಇದನ್ನು ಹೇಳಿದವನಲ್ಲ. ಜೋಯಿಡಾ ತಾಲೂಕಿನ ಒಂದೇ ಹಳ್ಳಿಯಿಂದ ಬಂದ ಇಬ್ಬರು ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿದ್ದರು. ಹುಡುಗನಿಗೆ ಗಣಿತದಲ್ಲಿ ಒಳ್ಳೆಯ ಅಂಕಗಳಿದ್ದವು. ಮುಂದೆ ಎಂಜಿನಿಯರಿಂಗ್ ಓದಲು ಹೇಳಿದೆ. ಹುಡುಗಿಗೆ ಕಥೆ ಕಾದಂಬರಿಗಳಲ್ಲಿ ಆಸಕ್ತಿ, ಬಿ.ಎ. ಓದಲು ಹೇಳಿದೆ. ಪದವಿಯ ಮೊದಲ ವರ್ಷದಲ್ಲಿ ಇಬ್ಬರೂ ಅನುತ್ತೀರ್ಣರಾದರು. ಕಾರಣ ಕೇಳಿದಾಗ ಹುಡುಗನು, “ಸರ್, ಉಸಿರಾಡಲೂ ಹೊತ್ತಿರಲಿಲ್ಲ” ಎಂದನು. ಹುಡುಗಿಯಾದರೋ, “ಸರ್, ಹೊತ್ತು ಬೇಕಾದಷ್ಟಿತ್ತು. ಓದು ಎಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ” ಎಂದಳು. ಇಬ್ಬರೂ ಬುದ್ಧಿಯಲ್ಲಿ ಕಡಿಮೆಯವರಲ್ಲ. ತಮ್ಮನ್ನು ಎದುರುಗೊಳ್ಳಲಿದ್ದ ದುಡಿಮೆಯ ಬಗೆ ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ತಿಳಿಸಬೇಕಾಗಿದ್ದವನು ನಾನು.

ಆದುದರಿಂದ ಪದವಿಗಳ ಹೆಸರನ್ನು ಬದಿಗಿಟ್ಟು, ಅವುಗಳ ದುಡಿಮೆಯನ್ನು ಇಲ್ಲಿ ಸ್ವಲ್ಪ ಪರಿಶೀಲಿಸೋಣ. ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳು ಕಾಡಿನ ಸೀಮೆ ಎಂದು ಹೆಸರಾದವು. ಆದರೂ ಇವುಗಳ ಒಳಗೂ ಸುತ್ತಮುತ್ತಲೂ ಬಹುಬಗೆಯ ವಿದ್ಯಾಸ್ಥಾನಗಳಿವೆ. ಒಂದು ಕಾಲದಲ್ಲಿ ಈ ಭಾಗದವರು ಉನ್ನತ ವ್ಯಾಸಂಗಕ್ಕಾಗಿ ಪುಣೆ, ಮುಂಬಯಿಗಳವರೆಗೆ ಹೋಗಬೇಕಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾಯಿತು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. ಆ ಬಳಿಕ ವಿದ್ಯೆಯ ಬಾಗಿಲು ಈ ಸೀಮೆಗೆ ಹತ್ತಿರವಾಯಿತು.

ಮೊದಲು ಅಳತೆಯ ಮಾತು. ಅಕ್ಕಿಯನ್ನು ಸೇರಿನಿಂದ ಅಳೆಯುವಂತೆ ಇಂದಿನ ವಿಶ್ವವಿದ್ಯಾಲಯಗಳು ವ್ಯಾಸಂಗವನ್ನು ‘ಕ್ರೆಡಿಟ್’ ಎಂಬ ಮಾನದಿಂದ ಅಳೆಯುತ್ತವೆ. ವರ್ಷವನ್ನು ಎರಡು ಸೆಮಿಸ್ಟರ್‌ಗಳಾಗಿ ವಿಭಜಿಸಿದೆ. ಒಂದು ಸೆಮಿಸ್ಟರ್‌ನ ಉದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ ನಡೆದರೆ ಅದು ಒಂದು ಕ್ರೆಡಿಟ್. ಪ್ರಯೋಗಶಾಲೆಯಲ್ಲಾದರೆ ಸಾಮಾನ್ಯವಾಗಿ ಎರಡು ಗಂಟೆಗಳ ಕೆಲಸಕ್ಕೆ ಒಂದು ಕ್ರೆಡಿಟ್. ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷಗಳಲ್ಲಿ ಸುಮಾರು 160 ಕ್ರೆಡಿಟ್‌ಗಳು ಬೇಕು. ಎಂದರೆ ಪ್ರತಿ ಸೆಮಿಸ್ಟರ್‌ಗೆ ಸರಾಸರಿ 20. ಇವುಗಳಲ್ಲಿ 14 ಪಾಠಕ್ಕೂ 6 ಪ್ರಯೋಗಕ್ಕೂ ಸೇರಿದವೆಂದು ಭಾವಿಸಿದರೆ, ವಾರಕ್ಕೆ 26 ಗಂಟೆಗಳ ಕಾಲ ವಿದ್ಯಾರ್ಥಿ ಕಾಲೇಜಿನಲ್ಲಿಯೇ ಇರಬೇಕಾಯಿತು. ಮನೆಯಲ್ಲಿ ಓದುವ ಹೊತ್ತು ಈ ಲೆಕ್ಕಕ್ಕೆ ಹೊರತು. ಕ್ರೆಡಿಟ್ ಗಂಟೆಯನ್ನು ಅಳೆಯಬಲ್ಲದು. ಗಂಟೆಯೊಳಗಿನ ಶ್ರಮದ ಬಗೆಯನ್ನು ಅಳೆಯಲಾರದು.

ದಾಂಡೇಲಿಯ ಬಂಗೂರನಗರ ಕಾಲೇಜಿನಂತಹ ಪದವಿ ಕಾಲೇಜುಗಳಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳ ಶಿಕ್ಷಣ ದೊರೆಯುತ್ತದೆ. 2021ರಲ್ಲಿ ರಾಜ್ಯದಲ್ಲಿ ಈ ಪದವಿಗಳಿಗೆ ನಾಲ್ಕು ವರ್ಷದ ಕ್ರಮ ಜಾರಿಗೆ ಬಂದಿತ್ತು. 2024ರಲ್ಲಿ ಸರ್ಕಾರವು ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿತು. ಬಿ.ಎ. ತರಗತಿಯ ವೇಳಾಪಟ್ಟಿಯನ್ನು ನೋಡಿದವರಿಗೆ ಅದು ಹಗುರವೆನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾಠಗಳು ಮುಗಿದುಹೋಗುತ್ತವೆ. ಆದರೆ ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರಗಳ ನಿಜವಾದ ಕೆಲಸ ಆರಂಭವಾಗುವುದು ಆ ಬಳಿಕವೇ. ಒಂದು ಗಂಟೆಯ ಉಪನ್ಯಾಸದಲ್ಲಿ ಅಧ್ಯಾಪಕರು ದಾರಿಯನ್ನು ತೋರಿಸಬಲ್ಲರು. ಗ್ರಂಥಾಲಯದಲ್ಲಿ ಕುಳಿತು ನಡೆಯಬೇಕಾದವನು ವಿದ್ಯಾರ್ಥಿಯೇ. ಒಂದು ವಿಷಯವನ್ನು ಕುರಿತು ಮೂವರು ಲೇಖಕರು ಮೂರು ಬಗೆಯಾಗಿ ಹೇಳಿದ್ದರೆ ಮೂವರನ್ನೂ ಓದಿ, ತೂಗಿ, ತನ್ನ ಮಾತಿನಲ್ಲಿ ಬರೆಯಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ವಾರವೆಲ್ಲ ಓದಿ ಪ್ರಬಂಧ ಬರೆದು, ಅದನ್ನು ಗುರುವಿನ ಎದುರು ಕುಳಿತು ಸಮರ್ಥಿಸುವ ಪದ್ಧತಿಯಿದೆ. ನಮ್ಮಲ್ಲಿ ಹಾಗೆ ಪ್ರತಿವಾರ ಕೇಳುವವರಿಲ್ಲದಿರುವುದರಿಂದ ತನಗೆ ತಾನೇ ಯಜಮಾನನಾಗುವ ಶಿಸ್ತು ಇನ್ನೂ ಹೆಚ್ಚಾಗಿ ಬೇಕು. ನನ್ನ ವಿದ್ಯಾರ್ಥಿನಿ ಎಡವಿದ್ದು ಇಲ್ಲಿಯೇ.

ಹಳಿಯಾಳದಲ್ಲಿ ವಿಶ್ವನಾಥರಾವ್ ದೇಶಪಾಂಡೆ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆ. ಇಲ್ಲಿನ ದಿನಚರಿ ಬೇರೆ. ಬೆಳಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಶಾಲೆ, ರಾತ್ರಿ ಲೆಕ್ಕಗಳನ್ನು ಬಿಡಿಸುವುದು ಮತ್ತು ಜರ್ನಲ್ ಬರೆಯುವುದು. ನಡುನಡುವೆ ಕಿರುಪರೀಕ್ಷೆಗಳು ಬರುತ್ತಲೇ ಇರುತ್ತವೆ. ಅಂತಿಮ ಫಲಿತಾಂಶದ ದೊಡ್ಡ ಪಾಲು ಇವುಗಳಿಂದಲೇ ನಿರ್ಧಾರವಾಗುತ್ತದೆ. ಇಲ್ಲಿ ಒಂದು ಪಾಠದ ಮೇಲೆ ಮತ್ತೊಂದು ಪಾಠ ಗೋಡೆಯ ಕಲ್ಲುಗಳಂತೆ ಕುಳಿತಿರುತ್ತದೆ. ಮೊದಲ ತಿಂಗಳ ಗಣಿತ ತಿಳಿಯದಿದ್ದರೆ ಮೂರನೆಯ ತಿಂಗಳ ಯಂತ್ರಶಾಸ್ತ್ರ ತಿಳಿಯಲಾರದು. ಪರೀಕ್ಷೆಯ ಹಿಂದಿನ ವಾರ ಕುಳಿತು ಎಲ್ಲವನ್ನೂ ಓದಿಬಿಡುತ್ತೇನೆಂಬ ಧೈರ್ಯ ಈ ಹಾದಿಯಲ್ಲಿ ನಡೆಯದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳ ಹೊರೆಯೂ ಇದರೊಂದಿಗೆ ಸೇರುತ್ತದೆ. ನನ್ನ ವಿದ್ಯಾರ್ಥಿಯು ತಿಳಿಯದುದನ್ನು ಕೇಳಲು ನಾಚಿದನು. ಒಂದು ಕಲ್ಲು ಸಡಿಲವಾಗಿ ಮೇಲಿನವೆಲ್ಲ ಅಲುಗಾಡಿದವು.

ಶಿರಸಿಯಲ್ಲಿ 1985ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವಿದೆ. ಅದು ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಂಗ. ಇಲ್ಲಿನ ನಾಲ್ಕು ವರ್ಷಗಳ ಪದವಿಯಲ್ಲಿ ಪುಸ್ತಕದಷ್ಟೇ ಮುಖ್ಯವಾದುದು ನಡಿಗೆ. ಮರದ ಗಾತ್ರವನ್ನು ಅಳೆಯುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಎಂದು ಪುಸ್ತಕ ಹೇಳುತ್ತದೆ. ಆದರೆ ಇಳಿಜಾರಿನಲ್ಲಿ ಬಾಗಿ ಬೆಳೆದ ಮರವನ್ನು ಹೇಗೆ ಅಳೆಯಬೇಕೆಂಬುದು ಅಳತೆಯ ಪಟ್ಟಿ ಹಿಡಿದು ಕಾಡಿಗೆ ಹೋದವನಿಗೇ ತಿಳಿಯುತ್ತದೆ. ಎಲೆಯಿಲ್ಲದ ಕಾಲದಲ್ಲಿಯೂ ಮತ್ತಿ, ಹೊನ್ನೆ, ಸಾಗುವಾನಿಗಳನ್ನು ತೊಗಟೆಯಿಂದ ಗುರುತಿಸಬೇಕು. ಸಸಿಮಡಿಯಲ್ಲಿ ಮಣ್ಣು ಹದಮಾಡಬೇಕು. ಕೃಷಿ ಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ನೆಲಸಿ, ರೈತರೊಡನೆ ಹೊಲದಲ್ಲಿ ದುಡಿದು ಕಲಿಯುತ್ತಾರೆ. ‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಹಿರಿಯರ ಮಾತಿನ ಎರಡು ಭಾಗಗಳೂ ಈ ವ್ಯಾಸಂಗದಲ್ಲಿ ಕೂಡಿಬಂದಿವೆ.

ವೈದ್ಯಕೀಯ ಮತ್ತು ಕಾನೂನು ಪದವಿಗಳ ಹಾದಿ ಇನ್ನೂ ದೀರ್ಘ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗವೂ ಒಂದು ವರ್ಷದ ಆಸ್ಪತ್ರೆಯ ಸೇವೆಯೂ ಅಗತ್ಯ. ಮೊದಲಿಗೆ ದೇಹದ 206 ಮೂಳೆಗಳ ಹೆಸರು, ಆಕಾರ, ಸಂಬಂಧಗಳನ್ನು ನೆನಪಿನಲ್ಲಿಡುವುದು. ಆ ಬಳಿಕ ರೋಗಿಯ ಹಾಸಿಗೆಯ ಬಳಿ ನಿಂತು, ನೆನಪಿನಲ್ಲಿದ್ದುದನ್ನು ಜೀವಂತ ಮನುಷ್ಯನಲ್ಲಿ ಗುರುತಿಸುವುದು. ಕಾನೂನು ಪದವಿ ಪಿ.ಯು.ಸಿ. ಬಳಿಕವಾದರೆ ಐದು ವರ್ಷ, ಬೇರೊಂದು ಪದವಿಯ ಬಳಿಕವಾದರೆ ಮೂರು ವರ್ಷ. ಇಲ್ಲಿ ತೀರ್ಪುಗಳನ್ನು ಓದುವುದರೊಂದಿಗೆ ಅಣಕು ನ್ಯಾಯಾಲಯದಲ್ಲಿ ನಿಂತು ವಾದಿಸುವುದೂ ವ್ಯಾಸಂಗದ ಒಂದು ಭಾಗ.

ವಾದವನ್ನೇ ವ್ಯಾಸಂಗದ ತಿರುಳಾಗಿ ಮಾಡಿಕೊಂಡ ಮತ್ತೊಂದು ವಿದ್ಯಾಸಂಪ್ರದಾಯ ಮುಂಡಗೋಡದಲ್ಲಿದೆ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗಾಗಿ 1966ರಲ್ಲಿ ಇಲ್ಲಿ ವಸತಿ ಏರ್ಪಟ್ಟಿತು. ಲ್ಹಾಸಾ ನಗರದ ಬಳಿ 15ನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಗೊಂಡಿದ್ದ ಗಾಂದೆನ್, ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ಈ ವಸತಿಯಲ್ಲಿ ಮರುಹುಟ್ಟು ಪಡೆದವು. ಇಲ್ಲಿನ ಉನ್ನತ ಪದವಿಯ ಹೆಸರು ‘ಗೆಶೆ’. ಅದನ್ನು ಪಡೆಯಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು. ವ್ಯಾಸಂಗದ ಐದು ಮೂಲಗ್ರಂಥಗಳು ಭಾರತೀಯ ಬೌದ್ಧ ಪರಂಪರೆಯವು. ಧರ್ಮಕೀರ್ತಿಯ ತರ್ಕಗ್ರಂಥವಾದ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ ಇವುಗಳಲ್ಲಿ ಸೇರಿವೆ. ಸಂಸ್ಕೃತದಿಂದ ಟಿಬೆಟನ್ ಭಾಷೆಗೆ ಹೋದ ವಿದ್ಯೆಯು ಆ ಭಾಷೆಯಲ್ಲಿಯೇ ಕರ್ನಾಟಕಕ್ಕೆ ಮರಳಿ ಬಂದಿರುವುದು ಸೋಜಿಗವಲ್ಲವೇ?

ಗ್ರಂಥವನ್ನು ಕಂಠಪಾಠ ಮಾಡುವುದು, ಗುರುವಿನಿಂದ ಅರ್ಥ ಕೇಳುವುದು, ಬಳಿಕ ವಿಹಾರದ ಅಂಗಳದಲ್ಲಿ ವಾದಿಸುವುದು: ಇವು ಈ ವ್ಯಾಸಂಗದ ಮೂರು ಹಂತಗಳು. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ಮನಬಂದಂತೆ ಮಾತನಾಡುವಂತಿಲ್ಲ. ‘ಒಪ್ಪಿದೆ’, ‘ಕಾರಣವೇನು?’, ‘ಹೇತು ಸಿದ್ಧವಾಗಲಿಲ್ಲ’, ‘ವ್ಯಾಪ್ತಿ ಇಲ್ಲ’ ಎಂಬ ಕೆಲವೇ ಉತ್ತರಗಳಿಂದ ತನ್ನ ಮತವನ್ನು ಕಾಪಾಡಿಕೊಳ್ಳಬೇಕು. ಬಾಲಭಿಕ್ಷುಗಳು ಬಣ್ಣಗಳಿಂದ ಅಭ್ಯಾಸ ಆರಂಭಿಸುತ್ತಾರೆ. ಕೆಂಪಾದುದೆಲ್ಲ ಬಣ್ಣವೇ ಹೌದು. ಹಾಗಾದರೆ ಬಣ್ಣವಾದುದೆಲ್ಲ ಕೆಂಪೇ? ಇಷ್ಟು ಸರಳವಾದ ಪ್ರಶ್ನೆಯಿಂದ ಹೊರಟ ಬುದ್ಧಿಯು ವರ್ಷಗಳ ಬಳಿಕ ಶೂನ್ಯತೆಯ ತತ್ತ್ವದವರೆಗೆ ಸಾಗುತ್ತದೆ. ಭಿಕ್ಷುಣಿಯರಿಗೂ ಈಗ ಈ ಹಾದಿ ತೆರೆದಿದೆ. 2016ರಲ್ಲಿ ಮುಂಡಗೋಡದಲ್ಲಿ ಮೊದಲ ಬಾರಿಗೆ 20 ಮಂದಿ ಟಿಬೆಟನ್ ಭಿಕ್ಷುಣಿಯರು ಇದಕ್ಕೆ ಸಮಾನವಾದ ‘ಗೆಶೆಮಾ’ ಪದವಿಯನ್ನು ಸ್ವೀಕರಿಸಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಕಾರದಿಂದ ಆಧುನಿಕ ವಿಜ್ಞಾನವೂ ವಿಹಾರಗಳ ಪಾಠಕ್ರಮಕ್ಕೆ ಸೇರಿದೆ.

ಇವುಗಳಲ್ಲಿ ಯಾವುದು ಕಠಿಣ, ಯಾವುದು ಸುಲಭ ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಕಾಳಿ ನದಿಯನ್ನು ನೆನೆಯೋಣ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದ ಬಳಿ ಅದು ಕಡಲನ್ನು ಸೇರುತ್ತದೆ. ಸೂಪಾದಲ್ಲಿ ಅದಕ್ಕೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಯು ಈ ಅಣೆಕಟ್ಟಿನ ಮೇಲೆ ನೀರು ಹಾಕುವ ಒತ್ತಡವನ್ನು ಲೆಕ್ಕ ಹಾಕುತ್ತಾನೆ. ಅರಣ್ಯಶಾಸ್ತ್ರದ ವಿದ್ಯಾರ್ಥಿನಿಯು ದಂಡೆಯ ಗಿಡಮರಗಳನ್ನು ಎಣಿಸುತ್ತಾಳೆ. ಇತಿಹಾಸದ ವಿದ್ಯಾರ್ಥಿಯು ನೀರಿನಡಿಗೆ ಹೋದ ಹಳೆಯ ಸೂಪಾ ಊರಿನ ದಾಖಲೆಗಳನ್ನೂ ಅಲ್ಲಿಂದ ಬಂದ ಹಿರಿಯರ ನೆನಪುಗಳನ್ನೂ ಕೂಡಿಸುತ್ತಾನೆ. ವಾಣಿಜ್ಯದ ವಿದ್ಯಾರ್ಥಿನಿಯು ಇದೇ ನದಿಯ ದಂಡೆಯ ದಾಂಡೇಲಿಯಲ್ಲಿ ಒಂದು ಟನ್ ಕಾಗದಕ್ಕೆ ತಗಲುವ ವೆಚ್ಚವನ್ನು ವಿಶ್ಲೇಷಿಸುತ್ತಾಳೆ. ನದಿ ಒಂದೇ, ಅದರ ಬಳಿಗೆ ಹೋಗುವ ಹಾದಿಗಳು ಹಲವು. ಲೆಕ್ಕ ಬಲ್ಲವನಿಗೆ ಹಿರಿಯರ ನೆನಪುಗಳಿಂದ ಸತ್ಯವನ್ನು ಹೆಕ್ಕುವುದು ಕಷ್ಟವಾದೀತು. ದಿನವೆಲ್ಲ ಕಾಡಿನಲ್ಲಿ ನಡೆಯಬಲ್ಲವಳಿಗೆ ಒಂದೆಡೆ ಕುಳಿತು ಲೆಕ್ಕಪತ್ರ ನೋಡುವುದು ಸೆರೆವಾಸವೆನಿಸೀತು. ಸುಲಭವಾದ ಪದವಿಯೆಂಬುದಿಲ್ಲ. ನಮ್ಮ ಸ್ವಭಾವಕ್ಕೆ ಒಗ್ಗುವ ದುಡಿಮೆ, ಒಗ್ಗದ ದುಡಿಮೆ ಎಂಬ ಭೇದ ಮಾತ್ರ ಇದೆ.

ಆ ಇಬ್ಬರು ವಿದ್ಯಾರ್ಥಿಗಳ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ಹುಡುಗಿಯು ತಾನೇ ಒಂದು ವೇಳಾಪಟ್ಟಿ ಮಾಡಿಕೊಂಡು, ದಿನಕ್ಕೆ ಮೂರು ಗಂಟೆ ಗ್ರಂಥಾಲಯದಲ್ಲಿ ಕುಳಿತಳು. ಉಳಿದ ವರ್ಷಗಳಲ್ಲಿ ಅವಳು ಹಿಂದೆ ನೋಡಲಿಲ್ಲ. ಹುಡುಗನು ಹಿರಿಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ಬುಡದ ಪಾಠಗಳನ್ನು ಮತ್ತೆ ಕಲಿತು, ನಾಲ್ಕು ವರ್ಷದ ಪದವಿಯನ್ನು ಐದು ವರ್ಷಗಳಲ್ಲಿ ಮುಗಿಸಿದನು. ಆ ಒಂದು ವರ್ಷದ ಖರ್ಚನ್ನು ಹೊಂದಿಸಲು ಅವನ ತಂದೆ ಎಮ್ಮೆಗಳನ್ನು ಮಾರಬೇಕಾಯಿತು. ಮುಂಚೆಯೇ ನಾಲ್ಕು ಮಾತು ಹೇಳಿದ್ದರೆ ಆ ವರ್ಷವೂ ಎಮ್ಮೆಗಳೂ ಉಳಿಯುತ್ತಿದ್ದವೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ.

ಆದುದರಿಂದ ಯಾವುದೇ ಪದವಿಗೆ ಹೆಸರು ಬರೆಸುವ ಮುನ್ನ ಅಲ್ಲಿ ಓದುತ್ತಿರುವ ಒಬ್ಬರನ್ನಾದರೂ ಕಂಡು ಮೂರು ಪ್ರಶ್ನೆಗಳನ್ನು ಕೇಳಿರಿ. ನಿಮ್ಮ ಒಂದು ದಿನ ಹೇಗೆ ಕಳೆಯುತ್ತದೆ? ಯಾರೂ ಹೇಳದಿದ್ದರೂ ನೀವಾಗಿ ಮಾಡಬೇಕಾದ ಕೆಲಸವೆಷ್ಟು? ತಿಳಿಯದಿದ್ದಾಗ ಯಾರನ್ನು ಕೇಳುತ್ತೀರಿ? ಈ ಮೂರು ಉತ್ತರಗಳನ್ನು ಕೇಳಿಯೂ ಆ ದುಡಿಮೆಯನ್ನು ಮಾಡಬೇಕೆಂಬ ಆಸೆ ನಿಮ್ಮಲ್ಲಿ ಉಳಿದರೆ, ನಿಮ್ಮ ಹಾದಿ ನಿಮಗೆ ದೊರೆಯಿತೆಂದು ತಿಳಿಯಿರಿ.