ಸಣ್ಣ ಮಣಿಕಟ್ಟಿಗೆ ದುಬಾರಿ ವಾಚು: ಕೊಳ್ಳುವ ಮೊದಲು ಅಳತೆ ಟೇಪು ಹಿಡಿಯಿರಿ



ಮದುವೆಯ ದಿನಗಳು ಹತ್ತಿರ ಬಂದ ಹಾಗೆಲ್ಲ ಹೊಸೂರು, ಬಾಗಲೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಸದಸ್ಯರು ನಮ್ಮನ್ನು ಒಂದು ವಿಷಯ ಕೇಳುತ್ತಲೇ ಇರುತ್ತಾರೆ. "ಅಳಿಯಂದಿರಿಗೆ ಒಳ್ಳೆ ವಾಚು ಕೊಡಬೇಕು ಅಂತಿದ್ದೀವಿ. ಹುಡುಗನ ಕೈ ಸಣ್ಣದು. ಯಾವುದು ತಗೊಳ್ಳೋಣ?" "ಮಗಳಿಗೆ ಕೆಲಸ ಸಿಕ್ಕಿದೆ, ಜೀವನಪೂರ್ತಿ ಕಟ್ಟುವಂಥ ವಾಚು ಬೇಕು. ಅಂಗಡಿಯಲ್ಲಿ ತೋರಿಸೋದೆಲ್ಲ ಕೈಗಿಂತ ದೊಡ್ಡದಾಗಿ ಕಾಣುತ್ತೆ." ವಾಚಿನ ಕಾರ್ಖಾನೆ ಇರುವ ಊರಿನ ಸಂಘಕ್ಕೆ ಈ ಪ್ರಶ್ನೆ ಬರುವುದು ಸಹಜವೇ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಸದಸ್ಯರ ಜೊತೆ ಮಾತನಾಡಿ, ನಮಗೆ ತಿಳಿದಿರುವುದನ್ನೂ ಸೇರಿಸಿ ಈ ಲೇಖನ ಸಿದ್ಧಪಡಿಸಿದ್ದೇವೆ.

ಇದು ಬರೀ ಶೋಕಿಯ ಮಾತಲ್ಲ. ಇಂಥ ವಾಚಿಗೆ ಐವತ್ತು ಸಾವಿರದಿಂದ ಹಲವು ಲಕ್ಷದವರೆಗೆ ಬೆಲೆ ಇರುತ್ತದೆ. ಅಷ್ಟು ಹಣ ಹೆಚ್ಚಿನ ಮನೆಗಳಲ್ಲಿ ವರ್ಷಗಟ್ಟಲೆಯ ಉಳಿತಾಯ. ನಮ್ಮ ಸದಸ್ಯರೊಬ್ಬರು ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲು ತೆಗೆದು ಮಗನಿಗೆ ವಿದೇಶಿ ವಾಚು ಕೊಡಿಸಿದರು. ಹುಡುಗ ಮದುವೆಯ ದಿನ ಕಟ್ಟಿದ್ದೇ ಕೊನೆ. ವಾಚು ಮಣಿಕಟ್ಟಿನ ಎರಡೂ ಕಡೆ ಚಾಚಿಕೊಂಡು ನಿಲ್ಲುತ್ತಿತ್ತು, ಅಂಗಿಯ ಕಫ್ ಒಳಗೆ ಹೋಗುತ್ತಿರಲಿಲ್ಲ. ಈಗ ಅದು ಬೀರುವಿನಲ್ಲಿದೆ. ತಂದೆ ಕೇಳುವುದಿಲ್ಲ, ಮಗ ಹೇಳುವುದಿಲ್ಲ. ಇಂಥದ್ದು ಇನ್ನೊಂದು ಮನೆಯಲ್ಲಿ ಆಗಬಾರದು ಎಂಬುದೇ ಈ ಬರಹದ ಉದ್ದೇಶ.

ದೊಡ್ಡ ವಾಚು ಇತ್ತೀಚಿನ ರೂಢಿ

ಸಣ್ಣ ವಾಚು ಕಟ್ಟಿದರೆ ಗಂಡಸರಿಗೆ ಒಪ್ಪುವುದಿಲ್ಲ ಎಂಬ ಭಾವನೆ ಹಲವರಲ್ಲಿದೆ. ಅದನ್ನು ಮೊದಲು ಬಿಡಬೇಕು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ತೊಡಗಿದ್ದು 1961ರಲ್ಲಿ. ನಮ್ಮ ತಂದೆ, ದೊಡ್ಡಪ್ಪಂದಿರು ದಿನಾ ಬೆಳಗ್ಗೆ ಕೀ ಕೊಟ್ಟು ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಸುಮಾರು 35 ಮಿ.ಮೀ. ಅಗಲದ್ದು. ಹೊಲದಲ್ಲಿ ದುಡಿದು ಗಟ್ಟಿಯಾದ ಕೈಗಳಿಗೂ ಅದೇ ವಾಚು, ಕಚೇರಿಯ ಗುಮಾಸ್ತರಿಗೂ ಅದೇ ವಾಚು. ಅದನ್ನು ಹೆಂಗಸರ ವಾಚು ಎಂದು ಯಾರೂ ಅನ್ನಲಿಲ್ಲ.

ಹೊರದೇಶದಲ್ಲೂ ಹೀಗೆಯೇ ಇತ್ತು. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ 1932ರಲ್ಲಿ ತಂದ ಕಲಾಟ್ರಾವಾ ಎಂಬ ಹೆಸರಾಂತ ಗಂಡಸರ ವಾಚು ಸುಮಾರು 31 ಮಿ.ಮೀ. ಮಾತ್ರ. 1945ರಲ್ಲಿ ಬಂದ ರೋಲೆಕ್ಸ್ ಡೇಟ್‌ಜಸ್ಟ್ 36 ಮಿ.ಮೀ. ಇತ್ತು, ಆ ಕಾಲಕ್ಕೆ ಅದೇ ದೊಡ್ಡದು. 42, 44, 46 ಮಿ.ಮೀ. ವಾಚುಗಳನ್ನು ದಿನಬಳಕೆಗೆ ಕಟ್ಟುವ ರೂಢಿ ಬೆಳೆದದ್ದು 1990ರ ದಶಕದ ನಂತರ. ಈಗ ಮತ್ತೆ ಕಂಪನಿಗಳು ಸಣ್ಣ ಅಳತೆಗಳತ್ತ ತಿರುಗಿವೆ. ಆದ್ದರಿಂದ ಸಣ್ಣ ಕೈಯವರು ಸಂಕೋಚ ಪಡಬೇಕಾಗಿಲ್ಲ.

ಮೊದಲು ಕೈ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಎರಡು ಅಳತೆ ತೆಗೆದುಕೊಳ್ಳಿ.

ಒಂದು, ಮಣಿಕಟ್ಟಿನ ಸುತ್ತಳತೆ. ದರ್ಜಿಯವರ ಟೇಪು ಸಾಕು. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನ ಮೇಲಿಡಿ. ಮೂಳೆಯ ಗಂಟಿಗಿಂತ ಸ್ವಲ್ಪ ಹಿಂದೆ, ವಾಚು ಕೂರುವ ಜಾಗದಲ್ಲಿ ಅಳೆಯಬೇಕು. ಬಿಸಿಲಿಗೂ ಕೆಲಸಕ್ಕೂ ಕೈ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಅಳೆಯುವುದು ಒಳ್ಳೆಯದು. ಸುಮಾರು 16 ಸೆಂ.ಮೀ.ಗಿಂತ ಕಡಿಮೆ ಬಂದರೆ ಸಣ್ಣ ಮಣಿಕಟ್ಟು ಎಂದು ತಿಳಿಯಬಹುದು.

ಎರಡು, ಮಣಿಕಟ್ಟಿನ ಮೇಲ್ಭಾಗದ ಅಗಲ. ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಮೇಲಿನಿಂದ ಸ್ಕೇಲು ಹಿಡಿದು ಈ ಅಂಚಿನಿಂದ ಆ ಅಂಚಿಗೆ ಎಷ್ಟಿದೆ ನೋಡಿ. ಸಾಮಾನ್ಯವಾಗಿ ಸುತ್ತಳತೆಯ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಸುತ್ತಳತೆ 15 ಸೆಂ.ಮೀ. ಇದ್ದರೆ ಅಗಲ 50 ಮಿ.ಮೀ. ಹತ್ತಿರ. ಕೆಲವರ ಕೈ ದುಂಡಗೆ, ಕೆಲವರದು ಚಪ್ಪಟೆ. ಹಾಗಾಗಿ ಲೆಕ್ಕ ಹಾಕುವುದಕ್ಕಿಂತ ಅಳೆಯುವುದೇ ವಾಸಿ. ಸುತ್ತಳತೆ ಒಂದೇ ಇದ್ದರೂ ಚಪ್ಪಟೆ ಕೈಯವರಿಗೆ ಸ್ವಲ್ಪ ದೊಡ್ಡ ವಾಚು ಹೊಂದುತ್ತದೆ.

ಚೀಟಿಯ ಮೇಲಿನ ಅಗಲ ಒಂದೇ ಸಾಲದು

ಅಂಗಡಿಯವರು ಹೇಳುವುದು ಕೇಸಿನ ಅಗಲ ಮಾತ್ರ, 38 ಅಥವಾ 40 ಎಂದು. ವಾಚು ಕೈಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಳತೆ ಬೇರೆ. ಬೆಲ್ಟು ಸಿಕ್ಕಿಸಲು ಕೇಸಿನ ಮೇಲೂ ಕೆಳಗೂ ನಾಲ್ಕು ಕಾಲುಗಳು ಚಾಚಿರುತ್ತವೆ. ಅವಕ್ಕೆ 'ಲಗ್' ಎನ್ನುತ್ತಾರೆ. ಮೇಲಿನ ಕಾಲಿನ ತುದಿಯಿಂದ ಕೆಳಗಿನ ಕಾಲಿನ ತುದಿಯವರೆಗಿನ ಉದ್ದವನ್ನು ಕೇಳಿ ತಿಳಿಯಿರಿ. 'ಲಗ್ ಟು ಲಗ್ ಎಷ್ಟು?' ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ.

ಈ ಉದ್ದ ನಿಮ್ಮ ಮಣಿಕಟ್ಟಿನ ಅಗಲವನ್ನು ಯಾವ ಕಾರಣಕ್ಕೂ ಮೀರಬಾರದು. ನಾಲ್ಕೈದು ಮಿ.ಮೀ. ಕಡಿಮೆಯೇ ಇರಲಿ. 50 ಮಿ.ಮೀ. ಅಗಲದ ಕೈಗೆ 45ರ ಒಳಗಿನದು ನೆಮ್ಮದಿ. 36 ಮಿ.ಮೀ. ಅಗಲದ್ದಾದರೂ ಕಾಲುಗಳು ಉದ್ದವಾಗಿ ನೇರವಾಗಿದ್ದರೆ ವಾಚು ದೊಡ್ಡದಾಗಿ ಕಾಣುತ್ತದೆ. 38ರದ್ದಾದರೂ ಕಾಲುಗಳು ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಕೈಗೆ ಅಪ್ಪಿಕೊಳ್ಳುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಲಗ್ನಪತ್ರಿಕೆಯ ರಟ್ಟಿನಲ್ಲಿ ವಾಚಿನ ಅಗಲ ಮತ್ತು ಲಗ್ ಉದ್ದಕ್ಕೆ ಸರಿಯಾಗಿ ಒಂದು ಆಕಾರ ಕತ್ತರಿಸಿ ಮಣಿಕಟ್ಟಿನ ಮೇಲೆ ಇಟ್ಟು ನೋಡಿ. ರಟ್ಟು ಅಂಚು ದಾಟಿ ಗಾಳಿಯಲ್ಲಿ ನಿಂತರೆ ಆ ವಾಚು ಬೇಡ. ಖರ್ಚಿಲ್ಲದ ಪರೀಕ್ಷೆ, ಲಕ್ಷ ರೂಪಾಯಿ ಉಳಿಸಬಹುದು.

ದಪ್ಪವೂ ಮುಖ್ಯ

ಈ ವಿಷಯದಲ್ಲಿ ನಮ್ಮ ಹೊಸೂರಿಗೆ ಹೇಳಿಕೊಳ್ಳುವಂಥ ಹೆಸರಿದೆ. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಟೈಟಾನ್ ಕಂಪನಿ ಕಟ್ಟಿದವು. ಹೆಸರೇ ಟಾಟಾ ಇಂಡಸ್ಟ್ರೀಸ್, ತಮಿಳುನಾಡು ಎಂಬುದರ ಅಕ್ಷರಗಳಿಂದ ಬಂದದ್ದು. ಕಾರ್ಖಾನೆ ಹೊಸೂರಿಗೆ ಬಂತು. ಆ ಕಂಪನಿ 2002ರಲ್ಲಿ 'ಎಡ್ಜ್' ಎಂಬ ವಾಚನ್ನು ತಂದಿತು. ಇಡೀ ವಾಚಿನ ದಪ್ಪ 3.5 ಮಿ.ಮೀ., ಒಳಗಿನ ಯಂತ್ರದ ದಪ್ಪ ಕೇವಲ 1.15 ಮಿ.ಮೀ. ನಾಲ್ಕೈದು ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಷ್ಟೇ ದಪ್ಪ.

ಸಣ್ಣ ಕೈಯವರಿಗೆ ಇದರಿಂದ ಏನು ಲಾಭ ಎಂದರೆ, ತೆಳ್ಳಗಿನ ವಾಚು ಅಗಲದಲ್ಲಿ ಎರಡು ಮಿ.ಮೀ. ಹೆಚ್ಚಿದ್ದರೂ ಕೈಯಲ್ಲಿ ಹೊರೆಯಾಗಿ ಕಾಣುವುದಿಲ್ಲ. ದಪ್ಪ ವಾಚು ಅಗಲದಲ್ಲಿ ಸಣ್ಣದಾದರೂ ಡಬ್ಬಿ ಕಟ್ಟಿಕೊಂಡಂತೆ ಇರುತ್ತದೆ, ಕೈ ಬೀಸಿದಾಗ ಪಕ್ಕಕ್ಕೆ ವಾಲುತ್ತದೆ. 10 ಮಿ.ಮೀ. ಒಳಗಿನ ದಪ್ಪ ಒಳ್ಳೆಯದು. ಅಂಗಿಯ ಕಫ್ ಒಳಗೆ ಹೋಗಬೇಕೆಂದರೆ ಇನ್ನೂ ಕಡಿಮೆ ಇರಲಿ. ಸಾಮಾನ್ಯವಾಗಿ ಸೆಲ್ ಹಾಕುವ ಕ್ವಾರ್ಟ್ಜ್ ವಾಚುಗಳೂ ಕೈಯಲ್ಲಿ ಕೀ ಕೊಡುವ ವಾಚುಗಳೂ ತೆಳ್ಳಗಿರುತ್ತವೆ. ಕೈಯ ಚಲನೆಯಿಂದಲೇ ಕೀ ಆಗುವ ಆಟೊಮ್ಯಾಟಿಕ್ ವಾಚಿನಲ್ಲಿ ತಿರುಗುವ ತೂಕದ ಬಿಲ್ಲೆ ಸೇರುವುದರಿಂದ ದಪ್ಪ ಹೆಚ್ಚು. ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದ ಡೈವರ್ ವಾಚುಗಳು ಅದಕ್ಕಿಂತ ದಪ್ಪ.

ತೂಕವನ್ನೂ ನೋಡಿ. ಟೈಟೇನಿಯಂ ಉಕ್ಕಿಗಿಂತ ಸುಮಾರು ಶೇ. 40 ಹಗುರ. 18 ಕ್ಯಾರೆಟ್ ಚಿನ್ನ ಉಕ್ಕಿನ ಸುಮಾರು ಎರಡು ಪಟ್ಟು ಭಾರ. ಸಣ್ಣ ಕೈಗೆ ಚಿನ್ನದ ವಾಚು ಬೇಕಿದ್ದರೆ ಬೆಲ್ಟು ಚರ್ಮದ್ದಿರಲಿ.

ಕಣ್ಣಿಗೆ ಕಾಣುವ ಗಾತ್ರ

ಒಂದೇ ಅಳತೆಯ ಎರಡು ವಾಚು ಒಂದೇ ಗಾತ್ರದಲ್ಲಿ ಕಾಣುವುದಿಲ್ಲ. ಬಿಳಿ ಡಯಲ್ ದೊಡ್ಡದಾಗಿಯೂ ಕಪ್ಪು ಅಥವಾ ಕಡುನೀಲಿ ಡಯಲ್ ಸಣ್ಣದಾಗಿಯೂ ಕಾಣುತ್ತವೆ. ಡಯಲಿನ ಸುತ್ತಲಿನ ಲೋಹದ ಅಂಚು ತೆಳ್ಳಗಿದ್ದರೆ ವಾಚು ದೊಡ್ಡದಾಗಿ ತೋರುತ್ತದೆ.

ಚೌಕದ ವಾಚಿನ ವಿಷಯದಲ್ಲಿ ಎಚ್ಚರ ಬೇಕು. 36 ಮಿ.ಮೀ. ಚೌಕದ ವಿಸ್ತೀರ್ಣ 40 ಮಿ.ಮೀ. ದುಂಡು ವಾಚಿನದಕ್ಕಿಂತಲೂ ಹೆಚ್ಚು. ಆದರೆ ಉದ್ದ ಹೆಚ್ಚು, ಅಗಲ ಕಡಿಮೆ ಇರುವ ಆಯತಾಕಾರದ ವಾಚು ಸಣ್ಣ ಕೈಗೆ ಚೆನ್ನಾಗಿ ಒಪ್ಪುತ್ತದೆ. ಕಾರ್ಟಿಯೆ ಕಂಪನಿಯ 'ಟ್ಯಾಂಕ್' 1917ರ ವಿನ್ಯಾಸ, ಗಂಡಸರೂ ಹೆಂಗಸರೂ ಕಟ್ಟುತ್ತಾ ಬಂದದ್ದು. ಅದರ 'ಮಸ್ಟ್' ಸಾಲಿನ ದೊಡ್ಡ ಅಳತೆಯೇ 33.7 ಉದ್ದ, 25.5 ಅಗಲ, 6.6 ಮಿ.ಮೀ. ದಪ್ಪ. ಜೇಗರ್ ಲಕುಲ್ಟ್ರ್ ಕಂಪನಿಯ 'ರಿವರ್ಸೊ' ಕೂಡ ಇದೇ ಜಾತಿಯದು. ಅದು ಹುಟ್ಟಿದ್ದು 1931ರಲ್ಲಿ, ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೊ ಆಡುವಾಗ ಗಾಜು ಒಡೆಯದಿರಲೆಂದು ಮುಖ ಮಗುಚುವಂತೆ ಮಾಡಿದ್ದರಿಂದ.

ದುಂಡು ವಾಚು ಬೇಕೆನ್ನುವವರಿಗೂ ಆಯ್ಕೆಯಿದೆ. ರೋಲೆಕ್ಸ್ ಆಯ್‌ಸ್ಟರ್ ಪರ್ಪೆಚುಯಲ್ 28, 31, 34, 36, 41 ಮಿ.ಮೀ. ಅಳತೆಗಳಲ್ಲಿ ಬರುತ್ತದೆ. ಒಮೆಗಾ ಅಕ್ವಾ ಟೆರಾದಲ್ಲಿ 34 ಮತ್ತು 38 ಇವೆ. ಡೈವರ್ ಮಾದರಿಯೇ ಬೇಕಾದರೆ ಟ್ಯೂಡರ್ ಬ್ಲಾಕ್ ಬೇ 54 ಎಂಬುದು 37 ಮಿ.ಮೀ. ಅಷ್ಟು ಬೆಲೆ ಬೇಡವೆಂದರೆ ಟಿಸ್ಸೊ ಪಿಆರ್‌ಎಕ್ಸ್‌ನಲ್ಲಿ 35 ಮಿ.ಮೀ. ಇದೆ. ಟೈಟಾನಿನದೇ ಆದ ನೆಬ್ಯುಲಾ ಚಿನ್ನದ ವಾಚುಗಳೂ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ಜೈಲಿಸ್ ವಾಚುಗಳೂ ಇವೆ. ಹೆಸರು ಯಾವುದಾದರೂ ಮೇಲಿನ ಅಳತೆ ನೋಡದೆ ಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ ಕೊಳ್ಳುವಾಗ ಅಂಗಡಿಯವರು ನೇರ ಲೇಡೀಸ್ ಸಾಲಿಗೆ ಕರೆದೊಯ್ದು ಹರಳು ಕೂರಿಸಿದ್ದನ್ನೇ ತೋರಿಸುವುದುಂಟು. ಹರಳಿಗೆ ಕೊಟ್ಟ ಹಣ ವಾಚು ಮಾರುವಾಗ ಪೂರ್ತಿ ಹಿಂದಿರುಗುವುದಿಲ್ಲ. ಮಗಳಿಗೆ ಸರಳವಾದ 34 ಅಥವಾ 36 ಇಷ್ಟವಾದರೆ ಅದನ್ನೇ ಕೊಡಿಸಿ. ಹಾಗೆಯೇ ಸಣ್ಣ ಕೈಯ ಹುಡುಗರು ಆ ಸಾಲಿನ ಕಡೆ ಕಣ್ಣು ಹಾಯಿಸಿದರೆ ತಪ್ಪಿಲ್ಲ.

ವಯಸ್ಸಾದ ಮೇಲೆ ಕೈ ಬಡವಾಗುತ್ತದೆ, ಕಣ್ಣೂ ಮಂದವಾಗುತ್ತದೆ. ನಮ್ಮ ವಯಸ್ಸಿನವರು ಸಣ್ಣ ಕೇಸಿನಲ್ಲೇ ಅಂಚು ತೆಳ್ಳಗಿರುವ, ಬಿಳಿಯ ಮೇಲೆ ಕಪ್ಪು ಅಂಕಿಗಳಿರುವ, ಮುಳ್ಳುಗಳು ಸ್ಪಷ್ಟವಾಗಿ ಕಾಣುವ ವಾಚು ಆರಿಸಿಕೊಳ್ಳುವುದು ಲೇಸು.

ಚೈನು, ಬೆಲ್ಟು

ಚೈನಿನ ವಾಚಾದರೆ ಎಷ್ಟು ಕೊಂಡಿ ತೆಗೆಯಲು ಬರುತ್ತದೆ ಎಂದು ಮೊದಲೇ ಕೇಳಿ. ಸಣ್ಣ ಕೈಗೆ ಎಲ್ಲ ಕೊಂಡಿ ತೆಗೆದರೂ ಸಡಿಲವಾಗಿ ಉಳಿಯುವ ಚೈನುಗಳಿವೆ. ಎರಡೂ ಕಡೆಯಿಂದ ಸಮವಾಗಿ ತೆಗೆಯಬೇಕು, ಇಲ್ಲದಿದ್ದರೆ ಕೆಳಗಿನ ಲಾಕು ಪಕ್ಕಕ್ಕೆ ಸರಿಯುತ್ತದೆ. ತೆಗೆದ ಕೊಂಡಿಗಳನ್ನು ಕೇಳಿ ಪಡೆದು ಡಬ್ಬಿಯಲ್ಲಿಡಿ. ಮುಂದೆ ಮಗನೋ ಮೊಮ್ಮಗಳೋ ಕಟ್ಟುವಾಗ ಬೇಕಾಗುತ್ತವೆ. ಕೇಸಿಗೆ ಅಂಟಿಕೊಂಡೇ ಬರುವ ಚೈನಿನಲ್ಲಿ ಮೊದಲ ಕೊಂಡಿ ಬಾಗದಿದ್ದರೆ ಅದನ್ನೂ ಲಗ್ ಉದ್ದಕ್ಕೆ ಸೇರಿಸಿ ಅಳೆಯಿರಿ.

ಚರ್ಮದ ಬೆಲ್ಟಿಗೆ ಹೊಸ ತೂತು ಹೊಡೆಸುವುದು ನಮ್ಮಲ್ಲಿ ರೂಢಿ. ದುಬಾರಿ ವಾಚಿಗೆ ಅದು ಬೇಡ. ಬಕಲ್ ಪಕ್ಕಕ್ಕೆ ಬಂದು, ಬೆಲ್ಟಿನ ಬಾಲ ಉದ್ದವಾಗಿ ಉಳಿಯುತ್ತದೆ. ಗಿಡ್ಡ ಅಳತೆಯ ಬೆಲ್ಟು ಇದೆಯೇ ಎಂದು ಕೇಳಿ ತರಿಸಿಕೊಳ್ಳಿ.

ಉಡುಗೊರೆ ಕೊಡುವವರಿಗೆ, ಕೊಳ್ಳುವವರಿಗೆ

ಅಳಿಯಂದಿರ ಕೈ ಅಳೆಯುವುದು ಮುಜುಗರ ಎಂದು ಬಿಟ್ಟುಬಿಡಬೇಡಿ. ನಿಶ್ಚಿತಾರ್ಥಕ್ಕೆ ಉಂಗುರದ ಅಳತೆ ಕೇಳುತ್ತೇವಲ್ಲ, ಇದೂ ಹಾಗೆಯೇ. ಗುಟ್ಟಾಗಿ ಕೊಡುವುದಾದರೆ ಅವರು ಈಗ ಕಟ್ಟುವ ವಾಚನ್ನು ಮನೆಯವರಿಂದ ಅಳೆಯಿಸಿಕೊಳ್ಳಿ. ಬೆಲ್ಟಿನಲ್ಲಿ ಯಾವ ತೂತು ಸವೆದಿದೆಯೋ ಅದೇ ಅವರ ಅಳತೆ. ಅದಕ್ಕಿಂತ ಒಳ್ಳೆಯದು, ಅವರನ್ನೇ ಅಂಗಡಿಗೆ ಕರೆದೊಯ್ಯುವುದು. ವಾಚು ಕಟ್ಟಿಸಿ ಹತ್ತು ನಿಮಿಷ ಬಿಡಿ, ಕೈ ಮಡಚಲಿ, ಕಫ್ ಗುಂಡಿ ಹಾಕಲಿ. ಕೈಯ ಫೋಟೊ ಹತ್ತಿರದಿಂದ ತೆಗೆದರೆ ವಾಚು ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ. ನಾಲ್ಕು ಹೆಜ್ಜೆ ದೂರದ ಕನ್ನಡಿಯಲ್ಲಿ ನೋಡಿ ತೀರ್ಮಾನಿಸಿ.

ಬೆಂಗಳೂರಿನಲ್ಲಿ ಕೊಳ್ಳಬೇಕೋ ತಮಿಳುನಾಡಿನಲ್ಲಿ ಕೊಳ್ಳಬೇಕೋ ಎಂದು ಕೇಳುವವರಿದ್ದಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಅತ್ತಿಬೆಲೆ ಗಡಿಯ ಆಚೆ ಈಚೆ ತೆರಿಗೆ ದರ ಒಂದೇ. ಆಯ್ಕೆ ಹೆಚ್ಚಿರುವ ಕಡೆ ಹೋಗಿ. ಕಂಪನಿಯ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ. ಬಿಲ್ಲಿನಲ್ಲಿ ವಾಚಿನ ಸೀರಿಯಲ್ ನಂಬರು ಬರೆಸಿ, ವಾರಂಟಿ ಕಾರ್ಡಿನಲ್ಲಿ ದಿನಾಂಕ ಇದೆಯೇ ನೋಡಿ. ದೊಡ್ಡ ಮೊತ್ತಕ್ಕೆ ಪ್ಯಾನ್ ಕೇಳುತ್ತಾರೆ, ಜೊತೆಯಲ್ಲಿರಲಿ. ಇವುಗಳ ಒಂದು ನಕಲು ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ.

ಅಂಗಡಿಗೆ ಹೊರಡುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಮಣಿಕಟ್ಟಿನ ಸುತ್ತಳತೆ, ಮಣಿಕಟ್ಟಿನ ಅಗಲ, ಒಪ್ಪುವ ಲಗ್ ಉದ್ದ, ಒಪ್ಪುವ ದಪ್ಪ, ನಿಮ್ಮ ಬಜೆಟ್ಟು. ಈ ಐದರಲ್ಲಿ ಒಂದು ತಪ್ಪಿದರೂ ಎದ್ದು ಬನ್ನಿ. ಮುಂದಿನ ಮಾಸಿಕ ಸಭೆಯ ದಿನ ಅಳತೆ ಟೇಪು, ರಟ್ಟು, ಕತ್ತರಿ ಸಂಘದ ಮೇಜಿನ ಮೇಲಿರುತ್ತವೆ. ವಾಚು ಕೊಳ್ಳುವ ಯೋಚನೆ ಇರುವವರು ಸ್ವಲ್ಪ ಮುಂಚೆ ಬಂದರೆ ಕಾರ್ಖಾನೆಯ ಅನುಭವವಿರುವ ನಮ್ಮ ಹಿರಿಯ ಸದಸ್ಯರು ಅಳತೆ ತೆಗೆದು ಸಲಹೆ ಕೊಡುತ್ತಾರೆ. ಮನೆಯ ಹಳೆಯ ಎಚ್‌ಎಂಟಿ ಇದ್ದರೆ ಅದನ್ನೂ ತನ್ನಿ. ನಿಮ್ಮ ಕೈಗೆ ಅದೇ ಸರಿಹೊಂದಿದರೆ ಖರ್ಚೇ ಇಲ್ಲ.

– ಕಾರ್ಯದರ್ಶಿ