ಮೊದಲು ಕೋಸಂಬರಿ, ಆಮೇಲೆ ಅನ್ನ

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಎಂಟು ಮಂದಿ ಟೈಪ್-2 ಮಧುಮೇಹಿಗಳಿಗೆ ಬೇರೆ ಬೇರೆ ದಿನ ಹೆಚ್ಚುಕಡಿಮೆ ಒಂದೇ ಊಟ ಕೊಟ್ಟರು. ಮೊದಲು ಸೂಪು, ಅರ್ಧ ಗಂಟೆ ಬಿಟ್ಟು ಗ್ಲೂಕೋಸ್ ಬೆರೆಸಿದ ಆಲೂಗಡ್ಡೆ ಮುದ್ದೆ. ಒಂದು ದಿನ ಸೂಪಿನಲ್ಲಿ 55 ಗ್ರಾಂ ವೇ ಪ್ರೋಟೀನ್ ಕದಡಿದ್ದರು. ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿರುವ ಪ್ರೋಟೀನ್ ಅದು. ಇನ್ನೊಂದು ದಿನ ಅದನ್ನೇ ಆಲೂಗಡ್ಡೆಗೆ ಸೇರಿಸಿದರು. ಮತ್ತೊಂದು ದಿನ ಪ್ರೋಟೀನ್ ಹಾಕಲೇ ಇಲ್ಲ. ಪ್ರೋಟೀನ್ ಕೊಟ್ಟ ಎರಡೂ ದಿನ ರಕ್ತದ ಸಕ್ಕರೆ ಕಡಿಮೆ ಏರಿತು. ಆದರೆ ಜಠರ ಎಲ್ಲಕ್ಕಿಂತ ನಿಧಾನವಾಗಿ ಖಾಲಿಯಾದದ್ದು ಪ್ರೋಟೀನನ್ನು ಮುಂಚಿತವಾಗಿ ಕುಡಿಸಿದ ದಿನ. ಈ ಅಧ್ಯಯನ ಪ್ರಕಟವಾದದ್ದು 2009ರಲ್ಲಿ.

ಇದನ್ನು ಓದಿದವರಿಗೆ, ಪ್ರೋಟೀನ್ ಕರುಳಿನಲ್ಲಿ ಸಕ್ಕರೆಗೆ ಅಡ್ಡ ನಿಲ್ಲುತ್ತದೆ ಎಂದು ಅನ್ನಿಸುವುದು ಸಹಜ. ಅದು ಹಾಗಲ್ಲ. ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಎಸ್‌ಜಿಎಲ್‌ಟಿ-1 ಎಂಬ ಸಾಗಣೆ ಪ್ರೋಟೀನ್ ಇದೆ. ಅದು ಒಂದು ಗ್ಲೂಕೋಸ್ ಅಣುವನ್ನು ಎರಡು ಸೋಡಿಯಂ ಅಯಾನುಗಳ ಜೊತೆಯಲ್ಲೇ ಒಳಗೆಳೆದುಕೊಳ್ಳುತ್ತದೆ. ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಎರಡೂ ಇರುವುದು ಇದಕ್ಕಾಗಿಯೇ. ನಾವು ತಿಂದ ಪ್ರೋಟೀನಿನ ಚೂರುಗಳು ಪೆಪ್ಟ್-1 ಎಂಬ ಬೇರೆಯದೇ ಸಾಗಣೆಯಲ್ಲಿ ಒಳಹೋಗುತ್ತವೆ, ಸಕ್ಕರೆಯ ದಾರಿಗೆ ಅಡ್ಡ ಬರುವುದಿಲ್ಲ.

ನಿಜವಾದ ನಿಯಂತ್ರಣ ಇರುವುದು ಕರುಳಿಗಿಂತ ಮೇಲೆ, ಜಠರದ ತುದಿಯ ಪೈಲೋರಸ್ ಎಂಬ ಸ್ನಾಯುವಿನ ಬಳಿ. ಕೆರೆಯ ತೂಬಿನ ಹಾಗೆ ಅದು ಎಷ್ಟು ಬಿಟ್ಟರೆ ಅಷ್ಟೇ ಆಹಾರ ಕರುಳಿಗೆ ಇಳಿಯುತ್ತದೆ. ಪ್ರೋಟೀನ್ ಮೊದಲು ಕರುಳಿಗೆ ತಲುಪಿದರೆ ಅಲ್ಲಿಂದ ಸಿಸಿಕೆ, ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೊರಡುತ್ತವೆ, ಪೈಲೋರಸ್ ಬಿಗಿಯಾಗುತ್ತದೆ. ಹಿಂದೆ ಬರುವ ಪಿಷ್ಟ ಒಮ್ಮೆಲೇ ನುಗ್ಗದೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಅದರ ಜೊತೆಗೆ ಜಿಎಲ್‌ಪಿ-1 ಮತ್ತು ಅಮೈನೋ ಆಮ್ಲಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಕೊನೆಗೆ ಸಕ್ಕರೆಯೇನೋ ರಕ್ತ ಸೇರಿಯೇ ಸೇರುತ್ತದೆ, ಆದರೆ ಹೆಚ್ಚು ಹೊತ್ತಿನಲ್ಲಿ ಹರಡಿಕೊಂಡು.

2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಪ್ರೋಟೀನ್ ಪುಡಿ ಬಿಟ್ಟು ಸಾಮಾನ್ಯ ಊಟದಲ್ಲೇ ಇದನ್ನು ಪರೀಕ್ಷಿಸಿದರು. ಹನ್ನೊಂದು ಮಂದಿ ಮಧುಮೇಹಿಗಳು ಒಂದು ದಿನ ಬ್ರೆಡ್ಡು, ಕಿತ್ತಳೆ ರಸ ಮೊದಲು ತೆಗೆದುಕೊಂಡರು, ಇನ್ನೊಂದು ದಿನ ಕೋಳಿಮಾಂಸ, ತರಕಾರಿ ಮೊದಲು. ಎರಡನೆಯ ಕ್ರಮದಲ್ಲಿ ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ ಸುಮಾರು 37 ಪ್ರತಿಶತ ಕಡಿಮೆ ಇತ್ತು. ತಿಂದ ಪದಾರ್ಥ ಅದೇ, ಪ್ರಮಾಣವೂ ಅದೇ! ನನಗೆ ತುಂಬ ಮುಖ್ಯವೆನಿಸುವ ಪ್ರಯೋಗ ಇದು. ತರಕಾರಿಯ ನಾರಿಗೂ ಇದರಲ್ಲಿ ಪಾಲಿದೆ, ಎಲ್ಲ ಕೀರ್ತಿಯೂ ಪ್ರೋಟೀನಿನದಲ್ಲ.

ನಮ್ಮ ಬಾಳೆಯೆಲೆ ಊಟದಲ್ಲಿ ಅನ್ನಕ್ಕೆ ಮೊದಲೇ ಕೋಸಂಬರಿ ಬಡಿಸುತ್ತಾರೆ. ಕ್ರಮ ಒಳ್ಳೆಯದೇ, ಸಾಲದಿರುವುದು ಪ್ರಮಾಣ. 25 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ, ಒಂದು ಮೊಟ್ಟೆಯಲ್ಲಿಯೂ ಅಷ್ಟೇ. ಎಲೆಯ ತುದಿಗೆ ಬೀಳುವ ಒಂದು ಚಮಚ ಕೋಸಂಬರಿಯಲ್ಲಿ ಅದರ ಸಣ್ಣ ಪಾಲಷ್ಟೇ ಇರುತ್ತದೆ. ಅನ್ನವನ್ನು ಸ್ವಲ್ಪ ಕಡಿಮೆ ಮಾಡಿ ಕೋಸಂಬರಿಯನ್ನೋ ಕಾಳಿನ ಪಲ್ಯವನ್ನೋ ಒಂದು ಬಟ್ಟಲು ಮೊದಲು ತಿನ್ನಬಹುದು. ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಬದಲಾವಣೆಗೆ ಕೈಹಾಕಬಾರದು.